ಫೋನ್ ಕಿತ್ತುಕೊಳ್ಳುವ ಮುಂಚೆ, ಆ ಫೋಟೋಗಳು ಯಾಕೆ ಹೋದವು ಅಂತ ಕೇಳಿ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ರೇಷ್ಮೆ ಬೆಳೆಯುವ ಮನೆ. ಮಗಳಿಗೆ 16 ವರ್ಷ. ಎಸ್ಸೆಸ್ಸೆಲ್ಸಿವರೆಗೂ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. 561 ಮಾರ್ಕ್ಸ್ ಬಂತು. ಜೂನ್‌ನಲ್ಲಿ ಚಿಕ್ಕಬಳ್ಳಾಪುರದಲ್ಲಿ ಪಿಯುಸಿ ಸೈನ್ಸ್‌ಗೆ ಸೇರಿಸಿದೆವು. ದಿನಾ ಬಸ್ಸಲ್ಲಿ ಹೋಗಿ ಬರುತ್ತಾಳೆ. ಕಾಲೇಜಿನವರು ಎಲ್ಲಾ ವಾಟ್ಸಾಪಲ್ಲೇ ಕಳಿಸೋದು ಅಂದರು, ಅದಕ್ಕೆ ಅವರಪ್ಪ ಗೂಡು ಮಾರಿದ ದುಡ್ಡಲ್ಲಿ ಫೋನ್ ಕೊಡಿಸಿದರು. ಮೊದಮೊದಲು ಚೆನ್ನಾಗೇ ಇದ್ದಳು. ಗೆಳತಿಯರ ಜೊತೆ ರೀಲ್ಸ್ ಮಾಡಿ ನಮಗೂ ತೋರಿಸುತ್ತಿದ್ದಳು. ಮೊದಲನೇ ಟೆಸ್ಟಲ್ಲಿ ಫಿಸಿಕ್ಸು, ಮ್ಯಾಥ್ಸು ಎರಡೂ ಫೇಲು. ಆಮೇಲೆ ಮಾತು ಕಮ್ಮಿ ಆಯ್ತು. ರಾತ್ರಿ ಒಂದು ಗಂಟೆಗೆ ಹುಳದ ಮನೆ ನೋಡಿ ಬರೋಣ ಅಂತ ಎದ್ದರೆ ಅವಳ ಹೊದಿಕೆ ಒಳಗೆ ಬೆಳಕು ಕಾಣುತ್ತೆ. ದಸರಾ ರಜೆ ಆದಮೇಲೆ ಇನ್ನೂ ಜಾಸ್ತಿ. ಇನ್‌ಸ್ಟಾಗ್ರಾಮಲ್ಲಿದ್ದ ಅವಳ ಫೋಟೋ ಎಲ್ಲಾ ತೆಗೆದುಹಾಕಿದ್ದಾಳಂತೆ, ನನ್ನ ತಂಗಿ ಮಗಳು ಹೇಳಿದಳು. ಊಟ ಅರ್ಧಕ್ಕೇ ಬಿಡುತ್ತಾಳೆ. ಮನೆಯಲ್ಲೂ ತುಂಬು ತೋಳಿನ ಟಾಪೇ, ಪಾತ್ರೆ ತೊಳೆಯುವಾಗಲೂ ತೋಳು ಮಡಚಲ್ಲ. ವಾರದಲ್ಲಿ ಎರಡು ದಿನ ಹೊಟ್ಟೆನೋವು, ತಲೆನೋವು ಅಂತ ಕಾಲೇಜಿಗೆ ಹೋಗಲ್ಲ. ಫೋನ್ ಮುಟ್ಟಿದರೆ ಮೈಮೇಲೆ ಬಂದ ಹಾಗೆ ಆಡುತ್ತಾಳೆ. ಅವರ ಚಿಕ್ಕಪ್ಪ ಒಂದು ಸಲ ಕಿತ್ತುಕೊಂಡರು. ಎರಡು ದಿನ ಅನ್ನ ಮುಟ್ಟಲಿಲ್ಲ, ಹೆದರಿ ವಾಪಸ್ ಕೊಟ್ಟೆವು. ಚಟ ಹತ್ತಿದೆ, ಒಡೆದುಹಾಕಿ ಅಂತ ಅವರು. ದೃಷ್ಟಿ ಆಗಿದೆ, ತಾಯತ ಕಟ್ಟಿಸು ಅಂತ ನಮ್ಮತ್ತೆ. ಮಾನಸಿಕ ಡಾಕ್ಟರ ಹತ್ತಿರ ಹೋದರೆ ಹುಚ್ಚಿ ಅಂತ ಹೆಸರು ಬರುತ್ತೆ, ನಾಳೆ ಗಂಡು ಸಿಗಲ್ಲ ಅಂತ ನಮ್ಮನೆಯವರು. ಏಳನೇ ಕ್ಲಾಸಿನ ಮಗನೂ ಫೋನ್ ಬೇಕು ಅಂತ ಹಟ ಮಾಡುತ್ತಿದ್ದಾನೆ. ಫೋನ್ ಕೊಡಿಸಿದ್ದೇ ತಪ್ಪಾಯ್ತಾ?

ಉತ್ತರ: ಅಮ್ಮಾ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಫೋನ್ ಕೊಡಿಸಿದ್ದು ತಪ್ಪಲ್ಲ. ನೋಟ್ಸು, ಟೈಮ್‌ಟೇಬಲ್ಲು, ನಾಳೆ ರಜೆ ಅನ್ನುವ ಸುದ್ದಿ, ಎಲ್ಲಾ ಗ್ರೂಪಿಗೇ ಬರುವಾಗ ಫೋನಿಲ್ಲದ ಹುಡುಗಿ ಕ್ಲಾಸಿನಲ್ಲಿ ಒಬ್ಬಂಟಿ ಆಗುತ್ತಾಳೆ. ನೀವು ಕೊಡಿಸಿದ್ದು ಓದಿಗೆ. ಆಮೇಲೆ ನಡೆದದ್ದು ಬೇರೆ.

ನಿಮ್ಮ ಮನೆಯವರ ಕಣ್ಣೆಲ್ಲಾ ಫೋನಿನ ಮೇಲಿದೆ. ಇದು ಚಟವಾ, ಕಿತ್ತುಕೊಳ್ಳಬೇಕಾ, ಆಸ್ಪತ್ರೆಗೆ ಹೋದರೆ ಹೆಸರು ಕೆಡುತ್ತಾ, ನಿಮ್ಮ ಚಿಂತೆ ಇಷ್ಟು. ಆದರೆ ನಿಮ್ಮ ಪತ್ರ ಓದುವಾಗ ನಾನು ನಿಂತಿದ್ದು ನೀವು ಸುಮ್ನೆ ಹೇಳಿಕೊಂಡು ಹೋದ ಎರಡು ಮಾತಿನ ಹತ್ತಿರ. ಪಾತ್ರೆ ತೊಳೆಯುವಾಗಲೂ ತೋಳು ಮಡಚಲ್ಲ ಅಂದಿರಿ. ಫೋಟೋ ಎಲ್ಲಾ ತೆಗೆದುಹಾಕಿದ್ದಾಳೆ ಅಂದಿರಿ. ಈ ಎರಡು ವಿಷಯ ತಿಳಿಯುವವರೆಗೂ ಫೋನಿನ ಗೋಜಿಗೆ ಹೋಗಬೇಡಿ.

ಮೊದಲು ತೋಳಿನ ಮಾತು. ಏನೂ ಇಲ್ಲದೆಯೂ ಇರಬಹುದು. ಆ ವಯಸ್ಸಿನಲ್ಲಿ ಮೈ ಬಗ್ಗೆ ನಾಚಿಕೆ ಇರುತ್ತದೆ. ಚರ್ಮದ ತೊಂದರೆ ಇರಬಹುದು. ಯಾರೋ ಬಣ್ಣದ ಬಗ್ಗೆ ಆಡಿಕೊಂಡಿರಬಹುದು. ಆದರೆ ಊಟ, ನಿದ್ದೆ, ಮಾತು ಮೂರೂ ಕಮ್ಮಿ ಆಗಿರುವ ಹುಡುಗಿ ಮನೆಯೊಳಗೂ ತೋಳು ಮುಚ್ಚಿಕೊಂಡೇ ಇದ್ದರೆ, ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದಾಳಾ ಅನ್ನುವ ಪ್ರಶ್ನೆ ನಮಗೆ ಮೊದಲು ಬರುತ್ತದೆ. ಇಂಥ ಮಕ್ಕಳು ನಮ್ಮ ಓಪಿಡಿಗೆ ಬರುತ್ತಾರೆ. ಬಹಳಷ್ಟು ಮಕ್ಕಳಿಗೆ ಸಾಯುವ ಉದ್ದೇಶ ಇರುವುದಿಲ್ಲ. ಒಳಗಿನ ಸಂಕಟ ತಡೆಯಲಾಗದೆ ಮಾಡಿಕೊಂಡಿರುತ್ತಾರೆ. ಒಂದು ಗಳಿಗೆ ಹಗುರ ಅನಿಸುತ್ತದೆ, ಆಮೇಲೆ ನಾಚಿಕೆ. "ನಾಟಕ ಆಡ್ತಾಳೆ" ಅನ್ನುವ ಮಾತು ಮಾತ್ರ ಮನೆಯಲ್ಲಿ ಯಾರ ಬಾಯಲ್ಲೂ ಬರಬಾರದು. ನಾಟಕ ಆಡುವವರು ತೋರಿಸಿಕೊಳ್ಳುತ್ತಾರೆ, ಇವರು ಮುಚ್ಚಿಡುತ್ತಾರೆ. ಹಾಗಂತ ಹಗುರವಾಗಿ ತೆಗೆದುಕೊಳ್ಳುವಂತೆಯೂ ಇಲ್ಲ. ಒಮ್ಮೆ ಹೀಗೆ ಮಾಡಿಕೊಂಡವರಲ್ಲಿ ಮುಂದೆ ಪ್ರಾಣಕ್ಕೇ ಕುತ್ತು ತಂದುಕೊಳ್ಳುವ ಅಪಾಯ ಬೇರೆ ಮಕ್ಕಳಿಗಿಂತ ಜಾಸ್ತಿ.

ತೋಳು ಎಳೆದು ನೋಡಬೇಡಿ. ತಲೆ ಬಾಚುವಾಗಲೋ, ಇಬ್ಬರೇ ಕೂತು ಸೊಪ್ಪು ಬಿಡಿಸುವಾಗಲೋ ಕೇಳಿ. ಮುಖ ಮುಖ ನೋಡದೆ ಕೂತಾಗ ಈ ವಯಸ್ಸಿನ ಮಕ್ಕಳಿಗೆ ಮಾತು ಸಲೀಸು. "ಪುಟ್ಟಿ, ನಿನಗೆ ಏನೋ ತುಂಬಾ ಕಷ್ಟ ಆಗ್ತಿದೆ ಅನ್ಸುತ್ತೆ. ಕೈಗೆ ಏನಾದ್ರೂ ಮಾಡ್ಕೊಂಡಿದ್ದೀಯಾ? ನಾನು ಬೈಯಲ್ಲ, ಅಪ್ಪಂಗೂ ಈಗಲೇ ಹೇಳಲ್ಲ." ಇಷ್ಟು ಸಾಕು. ಆಮೇಲೆ ಇನ್ನೊಂದು ಪ್ರಶ್ನೆ ಇದೆ. ಕೇಳಲು ನಿಮ್ಮ ನಾಲಿಗೆ ತಡವರಿಸುತ್ತದೆ, ಆದರೂ ಕೇಳಿ: "ಬದುಕೋದೇ ಬೇಡ ಅನ್ಸುತ್ತಾ?" ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದ ಹಾಗಾಗುತ್ತೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಇದನ್ನು ಸಾಕಷ್ಟು ಅಧ್ಯಯನ ಮಾಡಿ ನೋಡಿದ್ದಾರೆ. ಆ ಯೋಚನೆ ಇದ್ದವರಿಗೆ ಯಾರೋ ಕೇಳಿದರಲ್ಲಾ ಅನ್ನುವುದೇ ದೊಡ್ಡ ನೆಮ್ಮದಿ.

ಹೌದು ಅಂದರೆ ನಾಳೆಗೆ, ನಾಡಿದ್ದಿಗೆ ಅಂತ ಕಾಯಬೇಡಿ. ಅವತ್ತೇ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ರಾತ್ರಿ ಹೊತ್ತಾದರೆ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಜೀವಕ್ಕೇ ಅಪಾಯ ಅನಿಸಿದರೆ ಫೋನ್ ಹಿಡಿದು ಕೂರದೆ 108 ಕರೆಸಿ. ಅವಳು ಹೌದು ಅನ್ನಲಿ, ಇಲ್ಲ ಅನ್ನಲಿ, ಒಂದು ಕೆಲಸ ಇವತ್ತೇ ಮಾಡಿ. ತೋಟಕ್ಕೆ ಹೊಡೆಯುವ ಔಷಧಿ, ಹುಳದ ಮನೆ ತೊಳೆಯುವ ಔಷಧಿ, ಅಜ್ಜಿಯ ಮಾತ್ರೆ ಡಬ್ಬ, ಎಲ್ಲವನ್ನೂ ಬೀಗದೊಳಗೆ ಇಡಿ. ಬೀಗದ ಕೈ ನಿಮ್ಮ ಹತ್ತಿರ ಇರಲಿ. ರೈತರ ಮನೆಯಲ್ಲಿ ಇವೆಲ್ಲಾ ಮೂಲೆಯಲ್ಲಿ ಬಿದ್ದಿರುತ್ತವೆ ಅಲ್ವಾ? ದುಡುಕಿನ ಗಳಿಗೆ ಬಹಳ ಹೊತ್ತು ಇರುವುದಿಲ್ಲ. ಆಗ ಕೈಗೆ ಏನೂ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತದೆ.

ಇನ್ನು ಫೋಟೋ. ಮೊದಮೊದಲು ರೀಲ್ಸ್ ಮಾಡಿ ಅಪ್ಪ ಅಮ್ಮನಿಗೂ ತೋರಿಸುತ್ತಿದ್ದ ಹುಡುಗಿ ದಸರಾ ಆದಮೇಲೆ ತನ್ನ ಮುಖ ಇರುವ ಒಂದೇ ಒಂದು ಫೋಟೋ ಉಳಿಸದೆ ತೆಗೆದಿದ್ದಾಳೆ. ಬರೀ ಬೇಜಾರಾದವರು ಸಾಮಾನ್ಯವಾಗಿ ಫೋಟೋ ಹಾಕುವುದು ನಿಲ್ಲಿಸುತ್ತಾರೆ, ಅಷ್ಟೇ. ಹಳೆಯದನ್ನೆಲ್ಲಾ ಹುಡುಕಿ ಅಳಿಸಿದ್ದಾಳೆ ಅಂದರೆ ನಡುವೆ ಏನೋ ನಡೆದಿರಬಹುದು. ಯಾರೋ ಕೆಟ್ಟದಾಗಿ ಕಾಮೆಂಟ್ ಹಾಕಿರಬಹುದು. ಗೆಳತಿಯರೇ ಒಂದು ಗ್ರೂಪ್ ಮಾಡಿಕೊಂಡು ಇವಳನ್ನು ಆಡಿಕೊಂಡಿರಬಹುದು. ಯಾರ ಜೊತೆಗೋ ಸಲಿಗೆ ಬೆಳೆದು ಮುರಿದಿರಬಹುದು. ಎಲ್ಲಕ್ಕಿಂತ ಭಯ ಹುಟ್ಟಿಸುವುದು ಇನ್ನೊಂದು. ಅವಳ ಫೋಟೋ ತೆಗೆದುಕೊಂಡು ಬೇರೆ ಮೈಗೆ ಅಂಟಿಸಿ, "ಹೇಳಿದ ಹಾಗೆ ಕೇಳದಿದ್ದರೆ ಎಲ್ಲರಿಗೂ ಕಳಿಸ್ತೀನಿ" ಅಂತ ಯಾರೋ ಹೆದರಿಸುತ್ತಿರಬಹುದು. ಈಗ ಇದಕ್ಕೆ ದೊಡ್ಡ ವಿದ್ಯೆ ಬೇಡ, ಒಂದು ಆ್ಯಪ್ ಸಾಕು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಚಿಕ್ಕಪ್ಪ ಫೋನ್ ಕಿತ್ತುಕೊಂಡ ಆ ಎರಡು ದಿನ ನೆನಪಿಸಿಕೊಳ್ಳಿ. ಅನ್ನ ಬಿಟ್ಟಿದ್ದನ್ನು ನೀವು ಚಟ ಅಂದುಕೊಂಡಿರಿ. ಹೆದರಿಸುವವರು ಇದ್ದಾರೆ ಅಂದುಕೊಳ್ಳಿ. ಆಗ ಫೋನ್ ಕೈಯಲ್ಲಿಲ್ಲದ ಪ್ರತಿ ಗಂಟೆಯೂ ಅವಳಿಗೆ ನರಕ. ಅವನು ಏನು ಕಳಿಸಿದ, ಯಾರಿಗೆ ಕಳಿಸಿದ, ಉತ್ತರ ಕೊಡದಿದ್ದಕ್ಕೆ ಸಿಟ್ಟಾಗಿ ಹಾಕೇ ಬಿಟ್ಟನಾ, ಒಂದೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಹೇಳುವ ಹಾಗೂ ಇಲ್ಲ. ಹೇಳಿದರೆ ಮೊದಲು ಕಾಲೇಜು ಬಿಡಿಸುತ್ತಾರೆ ಅನ್ನುವುದು ಹಳ್ಳಿಯಿಂದ ಬರುವ ಪ್ರತಿ ಹುಡುಗಿಗೂ ಗೊತ್ತು. ನಿಮ್ಮ ಮಗಳಿಗೆ ಹೀಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಹೀಗಾಗಿದ್ದರೆ ಫೋನ್ ಒಡೆಯುವುದು ಎಷ್ಟು ಅಪಾಯ ಅಂತ ಹೇಳುತ್ತಿದ್ದೇನೆ.

ಆದ್ದರಿಂದ ಮೊದಲು ಅಭಯ ಕೊಡಿ, ಆಮೇಲೆ ಪ್ರಶ್ನೆ. "ಯಾರಾದ್ರೂ ನಿನ್ನ ಫೋಟೋ ಇಟ್ಕೊಂಡು ತೊಂದ್ರೆ ಕೊಡ್ತಿದ್ರೆ ಹೇಳು. ತಪ್ಪು ನಿಂದಲ್ಲ. ಕಾಲೇಜು ಬಿಡಿಸಲ್ಲ." ಕೊನೆಯ ಎರಡು ಪದ ಬಹಳ ಮುಖ್ಯ. ನಿಮ್ಮ ಯಜಮಾನರನ್ನೂ ಒಪ್ಪಿಸಿ, ಆಮೇಲೇ ಹೇಳಿ, ಯಾಕೆಂದರೆ ಕೊಟ್ಟ ಮಾತು ಉಳಿಯಬೇಕು. ಅವಳು ಹೌದು ಅಂದರೆ ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಒಂದು ರೂಪಾಯಿಯೂ ಕಳಿಸಬೇಡಿ, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. 1930 ಸೈಬರ್ ಅಪರಾಧದ ಸಹಾಯವಾಣಿ. 1098 ಮಕ್ಕಳ ಸಹಾಯವಾಣಿ. ಜಿಲ್ಲೆಯಲ್ಲಿ ಸೈಬರ್ ಕೇಸು ನೋಡುವ ಸೆನ್ ಪೊಲೀಸ್ ಠಾಣೆ ಇದೆ. ಅವಳಿಗೆ 18 ತುಂಬಿಲ್ಲ, ಆದ್ದರಿಂದ ಲೈಂಗಿಕ ಸ್ವರೂಪದ ಚಿತ್ರವಾದರೆ ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಅನ್ವಯವಾಗುತ್ತದೆ, ಅವಳ ಹೆಸರು ಹೊರಗೆ ಬರಬಾರದು ಅಂತ ಅದೇ ಕಾನೂನು ಹೇಳುತ್ತದೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 'ಟೇಕ್ ಇಟ್ ಡೌನ್' ಅಂತ ಒಂದು ಉಚಿತ ಸೇವೆ ಇದೆ. 18 ತುಂಬದವರ ಅಂಥ ಚಿತ್ರ ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಂಥ ಕಡೆ ಹರಡದಂತೆ ತಡೆಯಲು ನೆರವಾಗುತ್ತದೆ. ಚಿತ್ರವನ್ನು ಯಾರಿಗೂ ಕಳಿಸಬೇಕಿಲ್ಲ. ಅದರ ಗುರುತಿನ ಸಂಕೇತ ಮಾತ್ರ ಫೋನಿನಿಂದ ಹೋಗುತ್ತದೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ನೀವೇ ಬರೆದ ಕ್ರಮ ನೋಡಿ. ಜೂನ್‌ನಲ್ಲಿ ಫೋನ್ ಬಂತು, ಮೊದಮೊದಲು ಹುಡುಗಿ ಖುಷಿಯಾಗಿದ್ದಳು. ಮಾತು ನಿಂತಿದ್ದು ಟೆಸ್ಟ್ ಆದಮೇಲೆ. ಹಳ್ಳಿ ಶಾಲೆಯಲ್ಲಿ 561 ತೆಗೆದ ಹುಡುಗಿ ಅಂದರೆ ಊರಿಗೇ ಹೆಮ್ಮೆ. ಶಾಲೆಯಲ್ಲಿ ಫ್ಲೆಕ್ಸ್ ಹಾಕಿರುತ್ತಾರೆ, ನೆಂಟರೆಲ್ಲಾ ಡಾಕ್ಟರ್ ಆಗ್ತಾಳೆ ಅಂದಿರುತ್ತಾರೆ. ಅಲ್ಲಿಂದ ಎದ್ದು ಇಂಗ್ಲಿಷ್ ಮೀಡಿಯಂ ಸೈನ್ಸ್ ಕ್ಲಾಸಿಗೆ ಬಂದು ಕೂರುತ್ತಾಳೆ. ವೇಗ, ವೇಗೋತ್ಕರ್ಷ ಅಂತ ಬಾಯಿಪಾಠ ಇದ್ದದ್ದು ಈಗ ವೆಲಾಸಿಟಿ, ಆ್ಯಕ್ಸಲರೇಷನ್. ಗೊತ್ತಿರುವ ಪಾಠವೇ ಗೊತ್ತಿಲ್ಲದ ಹಾಗೆ ಕೇಳಿಸುತ್ತದೆ. ಪಕ್ಕದಲ್ಲಿ ಕೂತವರು ಕೈ ಎತ್ತಿ ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಾರೆ. ಡೌಟ್ ಕೇಳಲು ನಾಚಿಕೆ. ಪ್ರತಿ ವರ್ಷ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ನಮ್ಮ ಜಿಲ್ಲೆಯ ಓಪಿಡಿಯಲ್ಲಿ ಇಂಥ ಮಕ್ಕಳನ್ನು ನೋಡುತ್ತೇನೆ. ಚಿಂತಾಮಣಿ, ಬಾಗೇಪಲ್ಲಿ, ಗೌರಿಬಿದನೂರು, ಎಲ್ಲಾ ಕಡೆಯಿಂದ ಬರುತ್ತಾರೆ. ಚೀಟಿಯಲ್ಲಿ ಬರೆದಿರುವುದು ತಲೆನೋವು, ಹೊಟ್ಟೆನೋವು. ಸ್ಕ್ಯಾನಿಂಗಿನಲ್ಲಿ ಏನೂ ಇರಲ್ಲ. ನೋವು ಮಾತ್ರ ನಿಜ, ಸುಳ್ಳು ಹೇಳುತ್ತಿಲ್ಲ ಅವರು.

ಇಂಥ ಹುಡುಗಿ ರಾತ್ರಿ ಪುಸ್ತಕ ತೆಗೆದರೆ ಎದೆ ಭಾರ. ಫೋನ್ ತೆಗೆದರೆ ಅದನ್ನು ಮರೆಯಬಹುದು. ಇಲ್ಲಿಂದ ಫೋನಿನ ಪಾತ್ರ ಶುರು. ಹನ್ನೊಂದು ಗಂಟೆಗೆ ರೀಲ್ಸ್ ನೋಡುತ್ತಾ ಮಲಗಿದ್ದಾಳೆ ಅಂದುಕೊಳ್ಳಿ. ಒಂದು ಹಾಸ್ಯ, ಒಂದು ಅಡುಗೆ, ಬೆರಳಲ್ಲಿ ಮೇಲೆ ತಳ್ಳುತ್ತಾಳೆ. ಆಮೇಲೆ ಮಳೆ ಸುರಿಯುವ ಕಿಟಕಿ, ಹಿಂದೆ ಪಿಟೀಲು, "ನನ್ನನ್ನು ಅರ್ಥ ಮಾಡಿಕೊಳ್ಳುವವರು ಯಾರೂ ಇಲ್ಲ" ಅಂತ ಕನ್ನಡದಲ್ಲಿ ಎರಡು ಸಾಲು. ಬೆರಳು ನಿಲ್ಲುತ್ತದೆ. ಲೈಕ್ ಒತ್ತಬೇಕಿಲ್ಲ, ಕಾಮೆಂಟ್ ಬೇಕಿಲ್ಲ, ಅಷ್ಟು ಹೊತ್ತು ನಿಂತು ನೋಡಿದಳಲ್ಲಾ, ಅದೇ ಲೆಕ್ಕ. ಮುಂದೆ ಅಂಥದ್ದೇ ಇನ್ನೊಂದು ಬರುತ್ತದೆ. ಅದನ್ನೂ ನೋಡಿದರೆ ಮತ್ತೆರಡು. ವಾರ ಕಳೆಯುವಷ್ಟರಲ್ಲಿ ಅವಳ ಫೋನಿನ ತುಂಬಾ ಅಳು, ಒಂಟಿತನ, ಮೋಸ. ಇಲ್ಲವಾದರೆ ತೆಳ್ಳಗೆ ಬೆಳ್ಳಗಿರುವ ಹುಡುಗಿಯರು. ಆ ಲೆಕ್ಕ ಹಾಕುವ ಯಂತ್ರಕ್ಕೆ ಅವಳು ಸಂತೋಷವಾಗಿದ್ದಾಳಾ, ಕೊರಗುತ್ತಿದ್ದಾಳಾ ಗೊತ್ತಿಲ್ಲ. ಎದ್ದು ಹೋಗದೆ ನೋಡುತ್ತಿದ್ದಾಳೆ ಅನ್ನುವುದಷ್ಟೇ ಗೊತ್ತು. ಅವಳಿಗೋ, ಇಡೀ ಪ್ರಪಂಚವೇ ತನ್ನ ಹಾಗೆ ದುಃಖದಲ್ಲಿದೆ ಅನಿಸುತ್ತದೆ. ಇಲ್ಲದಿದ್ದರೆ, ತನ್ನೊಬ್ಬಳನ್ನು ಬಿಟ್ಟು ಎಲ್ಲರೂ ಚೆನ್ನಾಗಿದ್ದಾರೆ ಅನಿಸುತ್ತದೆ. ಎರಡೂ ಕೆಟ್ಟದ್ದೇ.

ಇದರ ಜೊತೆಗೆ ವಯಸ್ಸು. ಖುಷಿ, ಮೆಚ್ಚುಗೆ ಬೇಡುವ ಮೆದುಳಿನ ಭಾಗ ಈ ವಯಸ್ಸಿನಲ್ಲಿ ಚುರುಕಾಗಿರುತ್ತದೆ. ಸಾಕು ನಿಲ್ಲಿಸು ಅನ್ನುವ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಹತ್ತಿರ. ಅಪ್ಪಂದಿರಿಗೇ ಹತ್ತು ನಿಮಿಷ ಅಂತ ತೆಗೆದ ಫೋನು ಒಂದು ಗಂಟೆ ಕೆಳಗಿಡಲು ಆಗಲ್ಲ, ಇನ್ನು ಹದಿನಾರರ ಹುಡುಗಿಯನ್ನು ಮನಸ್ಸು ಗಟ್ಟಿ ಇಲ್ಲ ಅಂತ ಬೈದು ಏನು ಪ್ರಯೋಜನ?

ಹಾಗಾದರೆ ಸೋಷಿಯಲ್ ಮೀಡಿಯಾದಿಂದಲೇ ಮಕ್ಕಳ ಮನಸ್ಸು ಕೆಡುತ್ತಿದೆಯಾ? ಟೀವಿಯಲ್ಲಿ ಒಬ್ಬರು ವಿಷ ಅನ್ನುತ್ತಾರೆ, ಇನ್ನೊಬ್ಬರು ಏನೂ ಆಗಲ್ಲ ಅನ್ನುತ್ತಾರೆ. 2019ರಲ್ಲಿ ಆಕ್ಸ್‌ಫರ್ಡಿನ ಇಬ್ಬರು ಸಂಶೋಧಕರು ಮೂರೂವರೆ ಲಕ್ಷಕ್ಕೂ ಜಾಸ್ತಿ ಹದಿಹರೆಯದವರ ಮಾಹಿತಿ ಸೋಸಿ ನೋಡಿದರು. ಮಕ್ಕಳ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ಫೋನು, ಕಂಪ್ಯೂಟರಿನ ಬಳಕೆಗೆ ತಳಕು ಹಾಕಬಹುದಾದದ್ದು ಹೆಚ್ಚೆಂದರೆ ಶೇ 0.4 ಅಂದರು. 2023ರಲ್ಲಿ ಅಮೆರಿಕದ ಆಗಿನ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಹಿರಿಯ ವೈದ್ಯಾಧಿಕಾರಿ, ವಿವೇಕ್ ಮೂರ್ತಿ, ನಮ್ಮ ಮಂಡ್ಯದ ಹಲ್ಲೇಗೆರೆ ಮೂಲದವರು, ಬೇರೆ ಎಚ್ಚರಿಕೆ ಕೊಟ್ಟರು. ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ಸೋಷಿಯಲ್ ಮೀಡಿಯಾದಲ್ಲಿರುವ ಮಕ್ಕಳಲ್ಲಿ ಖಿನ್ನತೆ, ಆತಂಕದ ಲಕ್ಷಣ ಕಾಣುವ ಅಪಾಯ ಎರಡು ಪಟ್ಟು ಅಂದರು. ಯಾರನ್ನು ನಂಬಬೇಕು? ನನ್ನ ಪ್ರಕಾರ ಎರಡೂ ಸರಿ. ಮೊದಲನೆಯದು ಸರಾಸರಿಯ ಮಾತು. ಚೆನ್ನಾಗಿ ನಿದ್ದೆ ಮಾಡುವ, ಗೆಳತಿಯರಿರುವ ಹತ್ತು ಮಕ್ಕಳಿಗೆ ಏನೂ ಆಗಲ್ಲ, ಮೊದಲೇ ಕುಗ್ಗಿರುವ ಒಬ್ಬಳಿಗೆ ಪೆಟ್ಟು ಬೀಳುತ್ತದೆ. ಸರಾಸರಿಯಲ್ಲಿ ಆ ಒಬ್ಬಳು ಕಾಣುವುದಿಲ್ಲ, ಆಸ್ಪತ್ರೆಯಲ್ಲಿ ಅವಳೊಬ್ಬಳೇ ಕಾಣುತ್ತಾಳೆ. ಇನ್ನು ಗಂಟೆಯ ಲೆಕ್ಕದಿಂದಲೇ ಕಾರಣ ಯಾವುದು, ಪರಿಣಾಮ ಯಾವುದು ಅಂತ ತೀರ್ಮಾನ ಆಗಲ್ಲ. ಬೇಜಾರಾದವರೂ ಜಾಸ್ತಿ ಹೊತ್ತು ಫೋನ್ ಹಿಡಿಯುತ್ತಾರೆ. 2021ರಲ್ಲಿ ಫ್ರಾನ್ಸೆಸ್ ಹೌಗನ್ ಅನ್ನುವ ನೌಕರೆ ಫೇಸ್‌ಬುಕ್‌ನ ಒಳಗಿನ ಕಾಗದಪತ್ರ ಹೊರಹಾಕಿದರು. ಮೈ ಬಗ್ಗೆ ಮೊದಲೇ ಕೊರಗಿದ್ದ ಹುಡುಗಿಯರಲ್ಲಿ ಮೂವರಲ್ಲಿ ಒಬ್ಬಳಿಗೆ ಇನ್‌ಸ್ಟಾಗ್ರಾಮಿನಿಂದ ಆ ಕೊರಗು ಇನ್ನೂ ಜಾಸ್ತಿ ಆಗುತ್ತಿದೆ ಅಂತ ಕಂಪನಿಯ ಸ್ವಂತ ಅಧ್ಯಯನದಲ್ಲೇ ಇತ್ತು. 'ಮೊದಲೇ ಕೊರಗಿದ್ದ' ಅನ್ನುವುದನ್ನು ಗಮನಿಸಿ.

ಚಟ ಅಂತ ಹೆಸರಿಡುವ ವಿಷಯಕ್ಕೆ ಜಾಸ್ತಿ ಹೊತ್ತು ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ, 2022ರಿಂದ ಜಾರಿಯಲ್ಲಿರುವುದರಲ್ಲಿ, ಗೇಮಿಂಗ್ ಕಾಯಿಲೆ ಇದೆ. ಸೋಷಿಯಲ್ ಮೀಡಿಯಾ ಚಟ ಅಂತ ಬೇರೆ ಕಾಯಿಲೆ ಇಲ್ಲ. ಹಾಗಂತ ತೊಂದರೆ ಇಲ್ಲ ಅಂತಲ್ಲ. ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ 'ಶಟ್' ಅನ್ನುವ ಕ್ಲಿನಿಕ್ ಶುರು ಮಾಡಿದೆ. ನಾವು ನೋಡುವುದು ಎಷ್ಟು ಗಂಟೆ ಅಂತಲ್ಲ, ಫೋನಿನಿಂದ ಏನೇನು ತಪ್ಪಿಹೋಯಿತು ಅಂತ. ನಿಮ್ಮ ಮಗಳಿಗೆ ನಿದ್ದೆ, ಊಟ, ಕಾಲೇಜು, ಮಾತು ನಾಲ್ಕೂ ತಪ್ಪಿವೆ. ಹುಳ ಸೊಪ್ಪು ಮುಟ್ಟದಿದ್ದರೆ ನೀವು ಮೊದಲು ಏನು ನೋಡುತ್ತೀರಿ? ಪೊರೆ ಬಿಡಲು ಜ್ವರಕ್ಕೆ ಕೂತಿದೆಯಾ, ಇಲ್ಲ ಹಾಲುತೊಂಡೆ ರೋಗ ಬಂತಾ ಅಂತ. ಜ್ವರವಾದರೆ ಸುಮ್ಮನೆ ಬಿಡುತ್ತೀರಿ, ತಾನೇ ಏಳುತ್ತದೆ. ರೋಗವಾದರೆ ಬಿಡಲ್ಲ. ಹದಿನಾರರ ಮಕ್ಕಳು ಬಾಗಿಲು ಹಾಕಿಕೊಳ್ಳುವುದು, ಎದುರು ಮಾತಾಡುವುದು ಜ್ವರ. ನಾಲ್ಕೂ ಒಟ್ಟಿಗೆ ತಪ್ಪಿ ಎರಡು ವಾರ ದಾಟಿದರೆ ಡಾಕ್ಟರು ನೋಡಬೇಕು. ಪತ್ರ ನೋಡಿ ಕಾಯಿಲೆಗೆ ಹೆಸರಿಡಲು ಬರುವುದಿಲ್ಲ, ಆದರೆ ಖಿನ್ನತೆ ಇರಬಹುದು ಅನ್ನುವ ಅನುಮಾನ ನನಗಿದೆ.

ಮುಂದೇನು? ಪೂರ್ತಿ ಕಿತ್ತುಕೊಳ್ಳುವುದು ಬೇಡ, ಕಾರಣ ಆಗಲೇ ಹೇಳಿದೆ. ಕೀಪ್ಯಾಡ್ ಫೋನ್ ಕೊಡಿಸುವ ಯೋಚನೆ ಬರಬಹುದು. ಕೆಲವು ಮಕ್ಕಳು ಅದನ್ನು ಒಪ್ಪಿ ನೆಮ್ಮದಿಯಾಗಿದ್ದಾರೆ, ಆದರೆ ಅವರಾಗಿ ಒಪ್ಪಿದ್ದರು. ಬಲವಂತವಾಗಿ ಕೊಟ್ಟರೆ ಗೆಳತಿಯ ಫೋನಿನಲ್ಲಿ ಬೇರೆ ಹೆಸರಿನ ಖಾತೆ ತೆರೆಯುತ್ತಾರೆ, ಅದು ನಿಮಗೆ ಗೊತ್ತೇ ಆಗಲ್ಲ. ಕದ್ದು ಫೋನ್ ನೋಡುವುದು? ಅವಳಿಗೆ ಗೊತ್ತಾದ ದಿನ ಉಳಿದಿರುವ ನಂಬಿಕೆಯೂ ಹೋಗುತ್ತದೆ. ಜೀವಕ್ಕೆ ಅಪಾಯ ಅನಿಸಿದರೆ ಮಾತ್ರ, ಅವಳಿಗೆ ಹೇಳಿ, ಅವಳ ಜೊತೆಯಲ್ಲೇ ಕೂತು ನೋಡಿ.

ನನ್ನನ್ನು ಕೇಳಿದರೆ ಹಗಲನ್ನು ಬಿಟ್ಟು ರಾತ್ರಿಯನ್ನು ಹಿಡಿಯಿರಿ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹದಿಹರೆಯದಲ್ಲಿ ದೇಹದ ಗಡಿಯಾರವೇ ಸ್ವಲ್ಪ ಹಿಂದೆ ಬೀಳುತ್ತದೆ, ನಿದ್ದೆ ತಡವಾಗಿ ಬರುತ್ತದೆ. ಕಣ್ಣಿಗೆ ಹತ್ತಿರ ಹಿಡಿದ ಬೆಳಕು ಅದನ್ನು ಇನ್ನೂ ತಡಮಾಡುತ್ತದೆ. ಎರಡು ಗಂಟೆಗೆ ಮಲಗಿ ಬೆಳಗಿನ ಬಸ್ಸಿಗೆ ಎದ್ದರೆ ಸಿಗುವುದು ನಾಲ್ಕು ಗಂಟೆ. ಇಷ್ಟೇ ನಿದ್ದೆಯಲ್ಲಿ ತಿಂಗಳು ಕಳೆದರೆ ನಿಮಗೂ ನನಗೂ ಸಿಟ್ಟು, ಅಳು, ಮರೆವು ಬರುತ್ತದೆ. ರಾತ್ರಿ ಹತ್ತಕ್ಕೆ ಮನೆಯ ಎಲ್ಲರ ಫೋನೂ ನಡುಮನೆಯಲ್ಲಿ ಚಾರ್ಜಿಗೆ ಇರಲಿ. ಎಲ್ಲರದ್ದೂ ಅಂದೆ, ಯಜಮಾನರದ್ದೂ ಸೇರಿ. ಮಾರುಕಟ್ಟೆ ರೇಟಿನ ಮೆಸೇಜು ಬೆಳಿಗ್ಗೆ ನೋಡಿದರೂ ನಡೆಯುತ್ತೆ. ಅಲಾರಂಗೆ ಫೋನ್ ಬೇಕು ಅಂತಾಳೆ, ಒಂದು ಅಲಾರಂ ಗಡಿಯಾರ ತಂದುಕೊಡಿ. ಮೊದಲ ಕೆಲವು ದಿನ ಜಗಳ ಆಗುತ್ತದೆ, ರಾತ್ರಿ ಆತಂಕ ಜಾಸ್ತಿ ಆಗಬಹುದು. ಆ ದಿನಗಳಲ್ಲಿ ಅವಳ ಪಕ್ಕದಲ್ಲೇ ಹಾಸಿಕೊಂಡು ಮಲಗಿ. ತೋಳಿನ ಪ್ರಶ್ನೆಗೆ ಹೌದು ಅಂದಿದ್ದರೆ ಇದನ್ನೂ ಡಾಕ್ಟರ ಜೊತೆ ಮಾತಾಡಿಯೇ ಶುರು ಮಾಡಿ.

ಫೋನಿನ ಒಳಗೂ ಸ್ವಲ್ಪ ಕೆಲಸ ಇದೆ, ಅದನ್ನು ಅವಳೇ ಮಾಡಲಿ. ಇನ್‌ಸ್ಟಾಗ್ರಾಮ್ 18 ತುಂಬದವರಿಗೆ 'ಟೀನ್ ಅಕೌಂಟ್' ಅಂತ ತಂದಿದೆ, 2025ರಿಂದ ನಮ್ಮಲ್ಲೂ ಇದೆ. ಖಾತೆ ಪ್ರೈವೇಟ್ ಆಗಿರುತ್ತದೆ, ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ನೋಟಿಫಿಕೇಷನ್ ಬರಲ್ಲ. ಖಾತೆ ತೆರೆಯುವಾಗ ಹುಟ್ಟಿದ ವರ್ಷ ಸುಳ್ಳು ಹಾಕಿದ್ದರೆ ಇದ್ಯಾವುದೂ ಸಿಗದೇ ಹೋಗಬಹುದು. ಎಷ್ಟೋ ಮಕ್ಕಳು ಹಾಗೇ ಹಾಕಿರುತ್ತಾರೆ, ಅದನ್ನು ಮೊದಲು ಸರಿ ಮಾಡಿಸಿ. ಬರುವ ರೀಲ್ಸ್‌ಗಳ ಲೆಕ್ಕ ಅಳಿಸಿ ಹೊಸದಾಗಿ ಶುರು ಮಾಡುವ ಆಯ್ಕೆಯೂ ಸೆಟ್ಟಿಂಗ್ಸ್‌ನಲ್ಲಿದೆ.

ಇಷ್ಟೆಲ್ಲಾ ಮಾಡಿ ಕಾಲೇಜಿನ ಕಷ್ಟ ಹಾಗೇ ಬಿಟ್ಟರೆ ಪ್ರಯೋಜನ ಇಲ್ಲ. ಫಿಸಿಕ್ಸ್ ಲೆಕ್ಚರರನ್ನು ಒಂದು ಸಲ ಹೋಗಿ ನೋಡಿ. ಕನ್ನಡ ಮೀಡಿಯಂನಿಂದ ಬಂದು ದಾಟಿದ ಸೆಕೆಂಡ್ ಪಿಯು ಹುಡುಗಿ ಯಾರಾದರೂ ಸಿಕ್ಕರೆ ಜೊತೆ ಮಾಡಿ, ಅದು ಟ್ಯೂಷನ್‌ಗಿಂತ ಕೆಲಸಕ್ಕೆ ಬರುತ್ತದೆ. ಸೈನ್ಸೇ ಬೇಡ ಅಂತ ಅವಳು ಹೇಳಿದರೆ ಅದನ್ನೂ ಕೇಳಿಸಿಕೊಳ್ಳಿ. ಸೈನ್ಸ್ ಯಾರಿಗೆ ಬೇಕಾಗಿತ್ತು, ಅವಳಿಗಾ, ನೆಂಟರಿಗಾ?

ಅತ್ತೆಯವರ ತಾಯತಕ್ಕೆ ನನ್ನ ಅಡ್ಡಿ ಇಲ್ಲ. ಕಟ್ಟಿಸಲಿ. ಆದರೆ ಅದು ಕೆಲಸ ಮಾಡುತ್ತಾ ನೋಡೋಣ ಅಂತ ತಿಂಗಳು ಕಾಯಬೇಡಿ. ಹುಚ್ಚಿ ಅನ್ನುತ್ತಾರೆ ಅನ್ನುವ ನಿಮ್ಮ ಯಜಮಾನರ ಭಯ ನನಗೆ ಅರ್ಥವಾಗುತ್ತದೆ, ದಿನಾ ಕೇಳುತ್ತೇನೆ. ಅವರಿಗೆ ಹೇಳಿ, ಆಸ್ಪತ್ರೆಯ ದಾಖಲೆ ಗುಟ್ಟಾಗಿಡಬೇಕು ಅನ್ನುವುದು ರೋಗಿಯ ಹಕ್ಕು, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿದೆ. ಮೊದಲ ಭೇಟಿಯಲ್ಲಿ ಬಹುಪಾಲು ಮಾತೇ ಇರುತ್ತದೆ. ತೀವ್ರವಲ್ಲದ ಖಿನ್ನತೆಗೆ ಆಪ್ತಸಮಾಲೋಚನೆಯಿಂದಲೇ ಶುರು ಮಾಡುತ್ತೇವೆ. ಮಾತ್ರೆ ಬೇಕಾದರೆ ಕೊಡುತ್ತೇವೆ, ಅದು ನಿದ್ದೆ ಮಾತ್ರೆಯಲ್ಲ, ಅಭ್ಯಾಸ ಹತ್ತುವಂಥದ್ದೂ ಅಲ್ಲ. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಶುರುವಿನ ವಾರಗಳಲ್ಲಿ ಕೆಲವು ಮಕ್ಕಳಿಗೆ ಚಡಪಡಿಕೆ ಆಗಬಹುದು, ಸಾಯುವ ಯೋಚನೆ ಜಾಸ್ತಿ ಆಗಬಹುದು, ಅದಕ್ಕೇ ಹತ್ತಿರದಿಂದ ನೋಡಿಕೊಳ್ಳಬೇಕು. ಸ್ವಲ್ಪ ಗುಣ ಕಂಡಿತು ಅಂತ ನೀವೇ ನಿಲ್ಲಿಸುವ ಹಾಗಿಲ್ಲ.

ಮಗನ ವಿಷಯ ಸುಲಭ. ಇನ್‌ಸ್ಟಾಗ್ರಾಮಿನ ನಿಯಮದಲ್ಲೇ 13 ತುಂಬದವರಿಗೆ ಖಾತೆ ಇಲ್ಲ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್‌ನಿಂದ 16 ತುಂಬುವವರೆಗೂ ಇಂಥ ಖಾತೆ ಇಟ್ಟುಕೊಳ್ಳುವಂತಿಲ್ಲ. ಅವನಿಗೆ ಸ್ವಂತ ಫೋನ್ ಈಗ ಬೇಡ. ಅಕ್ಕನಿಗೆ ಹೀಗಾಯ್ತು, ಅದಕ್ಕೇ ಕೊಡಲ್ಲ ಅಂತ ಮಾತ್ರ ಹೇಳಬೇಡಿ. ಹಾಗಂದರೆ ಅವಳ ಮೇಲೆ ಇನ್ನೊಂದು ಹೊರೆ.

ಶಿಡ್ಲಘಟ್ಟದ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮನೋಚೈತನ್ಯ ಕಾರ್ಯಕ್ರಮದಲ್ಲಿ, ಮಂಗಳವಾರ. ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಮೊದಲೇ ಕೇಳಿಕೊಳ್ಳಿ. ಊರಿನವರು ನೋಡುತ್ತಾರೆ ಅನ್ನುವ ಸಂಕೋಚ ಇದ್ದರೆ ಜಿಲ್ಲಾ ಆಸ್ಪತ್ರೆಗೆ ಬನ್ನಿ, ಅವಳ ಕಾಲೇಜಿಗೂ ಅದೇ ಹತ್ತಿರ. ಅಲ್ಲಿ ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇದೆಯಾ ವಿಚಾರಿಸಿ. ಬರುವಾಗ ಒಂದು ಚೀಟಿಯಲ್ಲಿ ಯಾವ ತಿಂಗಳಿಂದ ಏನೇನು ಅಂತ ಬರೆದುಕೊಳ್ಳಿ, ಈ ಪತ್ರದಲ್ಲಿ ಬರೆದ ಹಾಗೇ ಇದ್ದರೆ ಸಾಕು. ಮುಟ್ಟಿನ ತಾರೀಖು, ಹಳೆ ರಕ್ತ ಪರೀಕ್ಷೆಯ ಚೀಟಿ ಇದ್ದರೆ ತನ್ನಿ. ರಕ್ತ ಕಮ್ಮಿ ಇದ್ದರೂ, ಥೈರಾಯ್ಡ್ ತೊಂದರೆ ಇದ್ದರೂ ಸುಸ್ತು, ಮಂಕು ಬರುತ್ತದೆ, ಅದನ್ನೂ ನೋಡುತ್ತಾರೆ. ಚಿಕ್ಕಪ್ಪ ಬರುವುದು ಬೇಡ. ಡಾಕ್ಟರು ಅವಳೊಬ್ಬಳನ್ನೇ ಮಾತಾಡಿಸಬೇಕು ಅಂದಾಗ ನೀವು ಎದ್ದು ಹೊರಗೆ ಬೆಂಚಿನ ಮೇಲೆ ಕೂತಿರಿ. ಮುಕ್ಕಾಲು ಗಂಟೆ ಆಗಬಹುದು. ಆಚೆ ಬಂದಮೇಲೆ ಒಳಗೆ ಏನು ಹೇಳಿದೆ ಅಂತ ಅವಳನ್ನು ಕೇಳಬೇಡಿ.